ತಡವಾಗಿ ಬಂದ ಮಸ್ಕತ್ತಿನ ಬಿಲ್ಲು

ಅಮ್ಮ ಮಸ್ಕತ್ತಿನಿಂದ ಹಿಂದಿರುಗಿ ಎರಡು ತಿಂಗಳಾಗುತ್ತಾ ಬಂದಿತ್ತು. ಅವಳ ಮೊಬೈಲೂ ನನ್ನ ಮೊಬೈಲೂ ಒಂದೇ ಪ್ಲಾನಿನಲ್ಲಿ ನನ್ನ ಹೆಸರಿಗೇ ಇರುವುದರಿಂದ ಬಿಲ್ಲು ಬರುವುದು ನನಗೆ. ಆ ಸಲದ ಬಿಲ್ಲನ್ನು ನಾನು ಬಂದರಿನ ಸಗಟು ಅಂಗಡಿಯ ಆಫೀಸಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಾ ನೋಡಿದೆ. ಮಾಮೂಲಿ ಮೊತ್ತದ ಕೆಳಗೆ ಅಮ್ಮನ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಎಂದು ಇನ್ನೊಂದು ಸಾಲು ಇತ್ತು. ಅದರ ಎದುರಿಗಿದ್ದ ಮೊತ್ತ ನಮ್ಮ ಮನೆಯ ಕರೆಂಟ್ ಬಿಲ್ಲಿಗಿಂತ ಎಷ್ಟೋ ದೊಡ್ಡದು. ಅನ್ನ ಹಾಗೆಯೇ ಬಿಟ್ಟು ಮತ್ತೆ ಮತ್ತೆ ನೋಡಿದೆ. ಬಿಲ್ಲಿನ ತಿಂಗಳಿಡೀ ಅಮ್ಮ ಕುದ್ರೋಳಿಯ ನಮ್ಮ ಮನೆಯಲ್ಲೇ ಇದ್ದಳು. ಅಬ್ಬಬ್ಬಾ ಎಂದರೆ ಒಂದು ಸಲ ಮೀನು ತರಲು ನನ್ನ ಜೊತೆ ಬಂದರಿಗೆ ಬಂದಿರಬಹುದು. ಅಷ್ಟಕ್ಕೆ ರೋಮಿಂಗ್ ಎಲ್ಲಿಂದ?

ಅಮ್ಮ ಮಸ್ಕತ್ತಿಗೆ ಹೋದದ್ದು ತಮ್ಮನ ಹೆಂಡತಿಯ ಹೆರಿಗೆಗೆ. ಆ ಹುಡುಗಿಗೆ ತಾಯಿ ಇಲ್ಲ. ಬಾಣಂತನಕ್ಕೆ ಊರಿಗೆ ಬಂದರೂ ನೋಡಿಕೊಳ್ಳಲು ತವರಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಅಮ್ಮನೇ ಹೊರಟಳು. ಅವಳ ಜೀವನದಲ್ಲಿ ಅದೇ ಮೊದಲ ವಿಮಾನ. ಬಾಣಂತಿಯ ಲೇಹ್ಯ, ಗಾಣದ ತೆಂಗಿನೆಣ್ಣೆ, ಮಗುವಿಗೆ ಹಾಸಲು ಹಳೆಯ ಹತ್ತಿ ಸೀರೆಗಳು ಎಂದು ಅವಳ ಪೆಟ್ಟಿಗೆ ತುಂಬಿತ್ತು. ಬಟ್ಟೆಗೆ ಜಾಗ ಸಾಲದೆ ತನ್ನ ಎರಡು ಸೀರೆಗಳನ್ನು ತೆಗೆದಿಟ್ಟಳು. ನಾನು ಅವಳ ನಂಬರಿಗೆ ಹತ್ತು ದಿನದ ರೋಮಿಂಗ್ ಪ್ಯಾಕ್ ಹಾಕಿಸಿದ್ದೆ. ಅದು ಮುಗಿಯುವುದರೊಳಗೆ ತಮ್ಮ ಅಲ್ಲಿನ ಸಿಮ್ ಹಾಕಿದ ಇನ್ನೊಂದು ಫೋನು ಕೊಟ್ಟ. ಊರಿನ ಫೋನಿನಲ್ಲಿ ಇಂಟರ್ನೆಟ್ ಬಂದ್ ಮಾಡಿ, ಬ್ಯಾಂಕಿನ ಒಟಿಪಿ ಬರಲಿ ಎಂದು ಲೈನನ್ನು ಮಾತ್ರ ಹಾಗೇ ಇಟ್ಟುಕೊಂಡರು. ಅದರಿಂದ ಯಾರಿಗೂ ಫೋನು ಮಾಡಬಾರದು, ಬಂದದ್ದನ್ನು ಎತ್ತಲೂ ಬಾರದು ಎಂದು ತಮ್ಮ ಅಲ್ಲಿಂದ, ನಾನು ಇಲ್ಲಿಂದ ಅವಳಿಗೆ ಹೇಳಿದ್ದೇ ಹೇಳಿದ್ದು.

ಅಂದು ಸಂಜೆ ಮನೆಗೆ ಬಂದು ಬಿಲ್ಲಿನ ವಿಷಯ ಹೇಳಿದಾಗ ಅಮ್ಮನಿಗೂ ಆಶ್ಚರ್ಯವಾಯಿತು. ಈ ತಿಂಗಳು ತಾನು ಎಲ್ಲಿಗೂ ಹೋಗಿಲ್ಲವಲ್ಲ ಎಂದಳು. ಮಸ್ಕತ್ತಿನಿಂದ ಬಂದ ಮೇಲಿನ ಮೊದಲ ಬಿಲ್ಲು ಸರಿಯಾಗಿಯೇ ಇತ್ತಲ್ಲ ಎಂದೂ ಕೇಳಿದಳು. ಅದು ಹೌದು. ಆ ಬಿಲ್ಲಿನಲ್ಲಿ ಪ್ಯಾಕಿನ ದುಡ್ಡು ಬಿಟ್ಟರೆ ಬೇರೇನೂ ಇರಲಿಲ್ಲ. ಕಂಪನಿಯವರೇ ಏನೋ ಎಡವಟ್ಟು ಮಾಡಿದ್ದಾರೆ ಎಂದು ಇಬ್ಬರೂ ತೀರ್ಮಾನಿಸಿದೆವು. ಸಹಾಯವಾಣಿಗೆ ಫೋನು ಮಾಡಿದರೆ ಸಂಗೀತ ಕೇಳಿಸಿ ಕೇಳಿಸಿ ಲೈನು ಕಟ್ಟಾಯಿತು. ಕೊನೆಗೆ ಶನಿವಾರ ಅರ್ಧ ದಿನದ ರಜೆ ಹಾಕಿ ಹಂಪನಕಟ್ಟೆಯಲ್ಲಿರುವ ಅವರ ಅಂಗಡಿಗೇ ಹೋದೆ.

ಕೌಂಟರಿನಲ್ಲಿದ್ದ ಹುಡುಗಿ ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಅವಳಿಗೆ ನನ್ನಂಥವರು ದಿನಕ್ಕೊಬ್ಬರಾದರೂ ಸಿಗುತ್ತಿರಬೇಕು. ಅರ್ಧ ಊರೇ ಗಲ್ಫಿಗೆ ಹೋಗಿ ಬರುವ ಜಾಗವಲ್ಲವೇ ಇದು. ಅವಳು ಕಂಪ್ಯೂಟರಿನಲ್ಲಿ ಹುಡುಕಿ, ಅದು ಈ ತಿಂಗಳ ಕರೆ ಅಲ್ಲ ಎಂದಳು. ಅಮ್ಮ ಮಸ್ಕತ್ತಿನಲ್ಲಿದ್ದಾಗ ಮಾಡಿದ ಒಂದೇ ಒಂದು ಕರೆ. ಪ್ಯಾಕು ಮುಗಿದ ಮೇಲೆ ಮಾಡಿದ್ದು.

“ಹಾಗಾದರೆ ಈಗ ಯಾಕೆ ಬಂತು? ಹೋದ ಬಿಲ್ಲಿನಲ್ಲಿ ಇರಲಿಲ್ಲವಲ್ಲ” ಎಂದೆ.

“ಕರೆ ಆದದ್ದು ಅಲ್ಲಿಯ ಕಂಪನಿಯ ಟವರಿನಲ್ಲಿ ಅಲ್ವಾ ಮೇಡಂ. ಲೆಕ್ಕ ಅವರ ಹತ್ರ ಇರ್ತದೆ. ಅವರು ನಮಗೆ ಕಳಿಸಿದ ಮೇಲೆಯೇ ನಾವು ಬಿಲ್ಲಿಗೆ ಹಾಕುವುದು. ಕೆಲವು ಸಲ ಬೇಗ ಬರ್ತದೆ, ಕೆಲವು ಸಲ ತಿಂಗಳುಗಟ್ಟಲೆ ತಡ ಉಂಟು.”

ಇದು ನನಗೆ ಕೂಡಲೇ ಅರ್ಥವಾಯಿತು. ಸಗಟು ಅಂಗಡಿಯಲ್ಲಿ ಮೆಣಸು, ಜೀರಿಗೆ, ಖರ್ಜೂರದ ಲೆಕ್ಕ ಬರೆಯುವುದೇ ನನ್ನ ಕೆಲಸ. ಲಾರಿಯಲ್ಲಿ ಮೆಣಸಿನ ಮೂಟೆ ಬಂದು, ಮಾರಿ, ಗೋದಾಮು ಖಾಲಿಯಾದ ಮೇಲೆ ಅದರ ಬಿಲ್ಲು ಬರುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಫೋನಿನ ಮಾತಿಗೂ ಅದೇ ರೀತಿ ಎಂದು ಮಾತ್ರ ಹೊಳೆದಿರಲಿಲ್ಲ. ಒಂದು ಕರೆಗೆ ಇಷ್ಟು ದುಡ್ಡು ಯಾಕೆ ಎಂದು ಕೇಳಿದೆ. ಪ್ಯಾಕ್ ಇಲ್ಲದಿದ್ದರೆ ಅಲ್ಲಿಂದ ಇಲ್ಲಿಗೆ ಒಂದೊಂದು ನಿಮಿಷಕ್ಕೂ ದೊಡ್ಡ ದರ, ಈ ಕರೆಯೋ ಬಹಳ ಉದ್ದ ಎಂದಳು. ಅಮ್ಮ ಮಾಡಿದ್ದಲ್ಲವೆಂದು ಬರೆದುಕೊಟ್ಟರೆ ಮೇಲಿನವರಿಗೆ ಕಳಿಸಿ ವಿಚಾರಿಸುತ್ತೇವೆ, ಮೊದಲು ಅಮ್ಮನನ್ನು ಒಮ್ಮೆ ಕೇಳಿ ನೋಡಿ ಎಂದು ಕರೆಯ ದಿನವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ಮನೆಗೆ ಬಂದಾಗ ಅಮ್ಮ ಬಂಗುಡೆ ಮೀನಿಗೆ ಮಸಾಲೆ ಅರೆದು ಮುಗಿಸಿ ಕೈ ತೊಳೆಯುತ್ತಿದ್ದಳು. ತಪ್ಪು ಕಂಪನಿಯದ್ದಲ್ಲ, ಕರೆ ಮಸ್ಕತ್ತಿನದ್ದೇ ಎಂದೆ. ಚೀಟಿ ತೆಗೆಯಬೇಕಾಗಿಯೇ ಬರಲಿಲ್ಲ. ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಅಲ್ಲೇ ಮಣೆಯ ಮೇಲೆ ಕೂತಳು. ಹಾಗಾದರೆ ಅದು ಆಸ್ಪತ್ರೆಯ ದಿನದ್ದೇ ಇರಬೇಕು ಎಂದಳು. ಮೊದಲ ಬಿಲ್ಲಿನಲ್ಲಿ ಏನೂ ಬಾರದ್ದು ನೋಡಿ ಅದಕ್ಕೆ ದುಡ್ಡು ಬಿದ್ದಿಲ್ಲವೆಂದೇ ತಿಳಿದು ಅವಳು ಸುಮ್ಮನಿದ್ದಳಂತೆ. ಆಮೇಲೆ ಆ ದಿನ ನಡೆದದ್ದನ್ನು ಹೇಳಿದಳು.

ಮಗು ಹುಟ್ಟಿದ ಮರುದಿನ. ತಮ್ಮ ಯಾವುದೋ ಕಾಗದಕ್ಕಾಗಿ ಆಫೀಸಿಗೆ ಹೋಗಿದ್ದ. ಬಾಣಂತಿ, ಮಗು ಇಬ್ಬರೂ ನಿದ್ದೆ ಹೋಗಿದ್ದರು. ಅಮ್ಮ ಹೊರಗೆ ಬೆಂಚಿನಲ್ಲಿ ಕೂತು, ಕಾಲಿನ ಸೆಳೆತಕ್ಕೆ ತನ್ನಷ್ಟಕ್ಕೆ ತುಳುವಿನಲ್ಲಿ ಏನೋ ಗೊಣಗಿಕೊಂಡಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಥಟ್ಟನೆ ತಿರುಗಿ, ನೀವು ಯಾವ ಊರು ಎಂದು ತುಳುವಿನಲ್ಲೇ ಕೇಳಿದಳು. ಆಕೆ ಅಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದವಳು. ಆ ಮನೆಯ ವಯಸ್ಸಾದ ಯಜಮಾನಿಯನ್ನು ಒಳಗೆ ಮಲಗಿಸಿದ್ದರು, ನೋಡಿಕೊಳ್ಳಲು ಆಕೆ ಬಂದಿದ್ದಳು. ಊರು ಬಜಪೆಯಿಂದ ಸ್ವಲ್ಪ ಒಳಗೆ. ಗಂಡ ಇಲ್ಲ. ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಶಾಲೆಯ ರಜೆಗೆ ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದಳಂತೆ. ಅಷ್ಟರಲ್ಲಿ ಯಜಮಾನಿಗೆ ಹೀಗಾಗಿ ಆಕೆಯ ರಜೆ ರದ್ದಾಯಿತು. ಅದನ್ನು ಮಗಳಿಗೆ ಹೇಳುವ ಮೊದಲೇ ಆಕೆಯ ಫೋನು ನೀರಿಗೆ ಬಿದ್ದು ಹಾಳಾಯಿತು.

ಆಕೆ ಹೆಚ್ಚೇನೂ ಕೇಳಲಿಲ್ಲವಂತೆ. ಮನೆಗೊಂದು ಮಾತು ಹೇಳಿ ಇಡುತ್ತೇನೆ ಎಂದಳಂತೆ. ತಮ್ಮ ಕೊಟ್ಟ ಫೋನು ಅಂದು ಮನೆಯಲ್ಲಿ ಚಾರ್ಜಿಗೆ ಇತ್ತು. ಅಮ್ಮನ ಚೀಲದಲ್ಲಿದ್ದದ್ದು ಊರಿನ ಫೋನು ಮಾತ್ರ.

“ಇದರಲ್ಲಿ ಮಾಡಬಾರದು ಅಂತ ನೀವಿಬ್ಬರೂ ಹೇಳಿದ್ದು ನೆನಪಿತ್ತು ಮಗಾ” ಎಂದಳು ಅಮ್ಮ. “ಆದರೆ ನಾನು ಮೊಮ್ಮಗಳ ಮುಖ ನೋಡಿ ಬಂದು ಕೂತಿದ್ದೆ. ಆಗ ಅವಳಿಗೆ ಇಲ್ಲ ಹೇಳುವುದು ಹೇಗೆ?”

ಕರೆ ತಾಗಿತು. ಆಕೆ ತನ್ನ ತಾಯಿಗೆ ಎಲ್ಲ ಹೇಳಿ ಮಗಳಿಗೆ ಕೊಡಲು ಹೇಳಿದಳು. ಆಮೇಲೆ ಆಕೆ ಮಾತಾಡಿದ್ದು ಸ್ವಲ್ಪವೇ. ರಜೆಯ ವಿಷಯ ಹೇಳಿದಳು, ಯಾಕೆಂದು ಹೇಳಿದಳು, ತಪ್ಪಾಯಿತು ಎಂದಳು. ಮತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಸುಮ್ಮನೆ ಕೂತುಬಿಟ್ಟಳು. ಲೈನು ಕಟ್ಟಾಯಿತೇನೋ ಎಂದು ಅಮ್ಮ ಕೈಸನ್ನೆಯಲ್ಲಿ ಕೇಳಿದಾಗ ಇಲ್ಲವೆಂದು ತಲೆಯಾಡಿಸಿದಳು. ಮಗಳು ಫೋನು ಹಿಡಿದಿದ್ದಳು, ಆದರೆ ಮಾತಾಡುತ್ತಿರಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತಂತೆ. ನಡುವೆ ಒಮ್ಮೆ ಆಕೆ, ನೀನು ಮಾತಾಡದಿದ್ದರೂ ಪರವಾಗಿಲ್ಲ, ನಾನು ಇಡುವುದಿಲ್ಲ ಎಂದಳು. ನರ್ಸುಗಳು ಓಡಾಡುತ್ತಿದ್ದರು, ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಆಕೆ ಕಣ್ಣು ಮುಚ್ಚಿ ಹಾಗೇ ಕೂತಿದ್ದಳು. ಅಮ್ಮನಿಗೆ ಫೋನು ವಾಪಸು ಕೇಳುವ ಮನಸ್ಸಾಗಲಿಲ್ಲ.

ಏನು ಹೇಳಿದರೂ ಆ ಕಡೆ ಮೌನವೇ ಆದಾಗ ಆಕೆ, ತಾನು ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಹೇಳತೊಡಗಿದಳು. ನಮ್ಮ ಊರಿನ ಕಡೆಯ ಒಬ್ಬರು ಅಜ್ಜಿ ಸಿಕ್ಕಿದ್ದಾರೆ, ಇದು ಅವರ ಫೋನು, ಅವರ ಮನೆಯಲ್ಲಿ ನಿನ್ನೆ ಮಗು ಹುಟ್ಟಿದೆ ಎಂದಳು. ಆಗ ಆ ಕಡೆಯಿಂದ ಏನೋ ಸಣ್ಣ ದನಿ ಬಂತು. ಆಕೆ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡು ಫೋನನ್ನು ಅಮ್ಮನ ಕೈಗೆ ಕೊಟ್ಟಳು.

“ಮಗು ಗಂಡಾ ಹೆಣ್ಣಾ ಅಂತ ಕೇಳ್ತಾಳೆ. ನೀವೇ ಹೇಳಿ ಅಮ್ಮ.”

ಹೆಣ್ಣು, ತಲೆ ತುಂಬ ಕೂದಲಿದೆ, ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ ಎಂದು ಅಮ್ಮ ಹೇಳಿದಳು. ಕೂದಲಿಗೆ ರಿಬ್ಬನ್ ಕಟ್ಟಬಹುದೇ ಎಂದು ಹುಡುಗಿ ಕೇಳಿತು. ಆಮೇಲೆ ತಾಯಿ ಮಗಳು ಬೇಕಾದಷ್ಟು ಮಾತಾಡಿದರು.

ನಾನು ಕೇಳುತ್ತಾ ಕೂತಿದ್ದೆ. ಆ ಬಿಲ್ಲಿನಲ್ಲಿ ಮಾತಿಗಿಂತ ಮೌನಕ್ಕೇ ಹೆಚ್ಚು ದುಡ್ಡು ಬಿದ್ದಿರಬೇಕು ಅನ್ನಿಸಿತು. ಬಿಲ್ಲು ನೋಡಿದಾಗಿನಿಂದ ಇದ್ದ ಸಿಟ್ಟು ಯಾವಾಗಲೋ ಇಳಿದುಹೋಗಿತ್ತು. ಆದರೂ ಕೌಂಟರಿನ ಹುಡುಗಿ ಹೇಳಿದ್ದನ್ನು ಹೇಳಿದೆ. ಕರೆ ನಮ್ಮದಲ್ಲವೆಂದು ಬರೆದುಕೊಟ್ಟರೆ ವಿಚಾರಿಸುತ್ತಾರಂತೆ, ನೋಡೋಣವೇ ಎಂದೆ.

“ಫೋನು ಕೊಟ್ಟದ್ದು ನಾನೇ ಅಲ್ವಾ” ಎಂದಳು ಅಮ್ಮ. “ಇಲ್ಲ ಅಂತ ಬರೆಯುವುದು ಬೇಡ. ಕಟ್ಟಿಬಿಡು. ನನ್ನ ಪೆನ್ಶನಿನಲ್ಲಿ ಕೊಡ್ತೇನೆ.”

ಪೆನ್ಶನ್ ಮುಟ್ಟುವುದು ಬೇಡವೆಂದು ಹೇಳಿ, ಅಲ್ಲಿಯೇ ಕೂತು ಮೊಬೈಲಿನಲ್ಲಿ ಬಿಲ್ಲು ಕಟ್ಟಿದೆ. ಅಮ್ಮನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಆ ಮಗಳು ತಾಯಿಯ ಹತ್ತಿರ ಈಗ ಮಾತಾಡುತ್ತಾಳೋ ಇಲ್ಲವೋ ಎಂದಳು. ಬಜಪೆ ಎಂದು ಹೆಸರು ಹಾಕಿ ಆ ನಂಬರನ್ನು ಅವಳು ಫೋನಿನಲ್ಲಿ ಉಳಿಸಿಕೊಂಡಿದ್ದಳು. ಇಷ್ಟು ದಿನ ಮಾಡಲು ಸಂಕೋಚ. ಈಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರೆ ಮಾಡಿದಳು.

ಎತ್ತಿದ್ದು ಹುಡುಗಿಯ ಅಜ್ಜಿ. ಮಸ್ಕತ್ತಿನ ಆಸ್ಪತ್ರೆ ಎಂಬ ಮಾತು ಕೇಳಿದ್ದೇ ಅವರು ಗಾಬರಿಯಾಗಿ, ನನ್ನ ಮಗಳಿಗೆ ಏನಾಯಿತು ಎಂದು ಕೇಳಿದರು. ಅಮ್ಮ ಅವಸರದಿಂದ, ಏನೂ ಆಗಿಲ್ಲ, ಅಂದು ಫೋನು ಕೊಟ್ಟವಳು ನಾನು, ಈಗ ಕುದ್ರೋಳಿಯಲ್ಲಿದ್ದೇನೆ, ಸುಮ್ಮನೆ ವಿಚಾರಿಸಲು ಮಾಡಿದೆ ಎಂದಳು. ಆಮೇಲೆ ಅಜ್ಜಿ ಬಹಳ ಮಾತಾಡಿದರು. ಮಗಳು ಹೊಸ ಫೋನು ತೆಗೆದುಕೊಂಡಿದ್ದಾಳೆ, ಮೊಮ್ಮಗಳು ಈಗ ಫೋನು ಬಿಡುವುದೇ ಇಲ್ಲ ಎಂದರು. ಮನೆಗೆ ಬರಬೇಕು ಎಂದು ಒತ್ತಾಯ ಮಾಡಿದರು.

ಮುಂದಿನ ಭಾನುವಾರ ಹೋದೆವು. ಬಸ್ಸಿನಲ್ಲಿ ಅಮ್ಮ ನನಗೆ ಎರಡು ಸಲ ಹೇಳಿದಳು, ಬಿಲ್ಲಿನ ಸುದ್ದಿ ಎತ್ತಬಾರದು ಎಂದು. ಇಳಿದು ನಡೆಯುವಾಗ ವಿಮಾನವೊಂದು ತಗ್ಗಿನಲ್ಲಿ ಹಾದು ಇಳಿಯಿತು. ಹೆಂಚಿನ ಸಣ್ಣ ಮನೆ, ಅಂಗಳದಲ್ಲಿ ಅಬ್ಬಲಿಗೆ ಹೂವಿನ ಗಿಡ. ಹುಡುಗಿಗೆ ಎಂಟೋ ಒಂಬತ್ತೋ ವರ್ಷ ಇರಬಹುದು. ಮೊದಲು ಬಾಗಿಲ ಹಿಂದೆ ನಿಂತು ಇಣುಕಿತು. ಅಮ್ಮ ಮೊಬೈಲು ತೆಗೆದು ಮೊಮ್ಮಗಳ ಫೋಟೋ ತೋರಿಸತೊಡಗಿದ ಮೇಲೆ ಹತ್ತಿರ ಬಂದು, ಆಮೇಲೆ ಅಮ್ಮನ ತೊಡೆಗೆ ಒರಗಿ ಕೂತಿತು. ಅಜ್ಜಿ ನಮಗೆ ನೀರುದೋಸೆ, ಕೋಳಿಸಾರು ಬಡಿಸಿದರು. ಹೊರಡುವಾಗ ಹುಡುಗಿ ಒಳಗೆ ಓಡಿ ಒಂದು ಕೆಂಪು ರಿಬ್ಬನ್ ತಂದು ಅಮ್ಮನ ಕೈಗೆ ಕೊಟ್ಟಿತು, ಮಗುವಿಗೆ ಎಂದು. ಅದನ್ನು ಮಸ್ಕತ್ತಿಗೆ ಕಳಿಸುವುದು ಹೇಗೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮನಿಗೆ ಯೋಚನೆ.

ಮಳೆಗಾಲ ಮುಗಿಯುವಾಗ ಆಕೆಗೆ ರಜೆ ಸಿಕ್ಕಿತು. ಯಜಮಾನಿ ಗುಣವಾಗಿ ಮನೆಗೆ ಬಂದಿದ್ದರಂತೆ. ಮಗಳ ಕೈ ಹಿಡಿದುಕೊಂಡು ಆಕೆ ಕುದ್ರೋಳಿಗೆ ಬಂದಾಗ ನಾನು ಮೊದಲ ಸಲ ನೋಡಿದೆ. ನನಗಿಂತ ಚಿಕ್ಕವಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಊಟವಾದ ಮೇಲೆ ಆಕೆ, ಅವತ್ತಿನ ಕರೆಗೆ ತುಂಬಾ ದುಡ್ಡಾಯಿತಾ ಅಕ್ಕ ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಅಮ್ಮ ಅಡುಗೆಮನೆಯಿಂದಲೇ ನನ್ನ ಕಡೆ ನೋಡಿದಳು. ಬಿಲ್ಲು ಬಂದಿತ್ತು, ದೊಡ್ಡದೇನೂ ಅಲ್ಲ ಎಂದೆ. ಆಕೆ ನಂಬಿದಳೋ ಇಲ್ಲವೋ ಗೊತ್ತಿಲ್ಲ. ಮತ್ತೆ ಕೇಳಲಿಲ್ಲ.

ಆಕೆ ಮಸ್ಕತ್ತಿಗೆ ವಾಪಸು ಹೋಗುವಾಗ ರಿಬ್ಬನನ್ನು ಆಕೆಯ ಕೈಯಲ್ಲೇ ಕೊಟ್ಟು ಕಳಿಸಿದೆವು. ಹೊರಗಿನವರನ್ನು ಯಾರನ್ನೂ ನಂಬಬೇಡ ಎಂದು ಅಮ್ಮನಿಗೆ ಉಪದೇಶ ಮಾಡುತ್ತಿದ್ದ ನನ್ನ ತಮ್ಮ, ಈಗ ರಜೆಯ ದಿನ ಆಕೆಯನ್ನು ಕಾರಿನಲ್ಲಿ ತನ್ನ ಮನೆಗೆ ಕರೆತರುತ್ತಾನೆ. ತಾಯಿಯಿಲ್ಲದ ನನ್ನ ನಾದಿನಿಗೆ ಆಕೆ ಬಂದ ದಿನ ಒಳ್ಳೆಯ ಊಟ, ಒಂದಿಷ್ಟು ತುಳು ಮಾತು. ಮೊನ್ನೆ ವಿಡಿಯೋ ಕಾಲಿನಲ್ಲಿ ನೋಡಿದೆ. ಆಕೆ ಮಗುವಿನ ಕೂದಲು ಬಾಚುತ್ತಿದ್ದಳು. ಮಗು ರಿಬ್ಬನನ್ನು ಬಾಯಿಗೆ ಹಾಕಿ ಚೀಪುತ್ತಿತ್ತು. ಅದನ್ನು ತೆಗೆಸಿ ಎಂದು ಅಮ್ಮ ಇಲ್ಲಿಂದ ಗದರಿಸುತ್ತಿದ್ದಳು, ಅಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.