ಕೊನೆಯ ಪುಟದ ಎಡೆಕುಂಟೆ

ಶೂನ್ಯ ಉಳುಮೆ. ಈ ಮಾತನ್ನು ನಾನು ಮೊದಲು ಕೇಳಿದ್ದು ಕಲಬುರಗಿಯ ಒಂದು ಹೋಟೆಲಿನ ಎಸಿ ಕೋಣೆಯಲ್ಲಿ. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಒಳಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಬಂದ ನಾವು ಹುಡುಗ ಹುಡುಗಿಯರು ಚಳಿಗೆ ಕೈ ಕಟ್ಟಿಕೊಂಡು ಕೂತಿದ್ದೆವು. ನಮಗೆಲ್ಲ ಒಂದು ಸಂಸ್ಥೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಕೆಲಸವೆಂದರೆ ಊರೂರಿಗೆ ಹೋಗಿ ರೈತರಿಗೆ ಹೊಸ ಪದಗಳನ್ನು ತಿಳಿಸಿ ಹೇಳುವುದು, ಕರಾರಿಗೆ ಸಹಿ ಮಾಡಿಸುವುದು. ರೈತ ಮಣ್ಣನ್ನು ಕೆದಕದೆ ಬೇಸಾಯ ಮಾಡಿದರೆ ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆಯಂತೆ. ಅದನ್ನು ಅಳೆದು, ಎಲ್ಲೋ ದೂರದ ಕಾರ್ಖಾನೆಯೊಂದು ತಾನು ಬಿಟ್ಟ ಹೊಗೆಗೆ ಸರಿಸಮ ಎಂದು ತೋರಿಸಿಕೊಳ್ಳುತ್ತದೆಯಂತೆ. ಅದಕ್ಕೆ ಅದು ಕೊಡುವ ಹಣದಲ್ಲಿ ರೈತನಿಗೂ ಒಂದು ಪಾಲು.

ಮಣ್ಣಿನ ಇಂಗಾಲ, ಹೊದಿಕೆ ಬೆಳೆ, ಪುನಶ್ಚೇತನ ಕೃಷಿ, ಪರಿಸರ ಸೇವೆ. ಪರದೆಯ ಮೇಲೆ ಬಂದದ್ದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ. ಕೊನೆಗೆ, ತರಬೇತಿ ಕೊಡುತ್ತಿದ್ದ ಸಂಸ್ಥೆಯ ಸಾಹೇಬರು, 'ಏನಾದರೂ ಡೌಟ್ ಇದೆಯಾ?' ಎಂದು ಕೇಳಿದರು. ಇತ್ತು. ಉಳುಮೆ ಅಂದರೆ ಯಾವುದು, ನೇಗಿಲು ಮಾತ್ರವೋ, ಮೇಲ್ಮಣ್ಣು ಕೆದಕುವ ಕುಂಟೆಯೂ ಸೇರಿತೋ ಎಂದು ಕೇಳಬೇಕಿತ್ತು. ಬಾಯಿ ತನಕ ಬಂದಿತ್ತು. ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದನ್ನೂ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಮಾದನಹಿಪ್ಪರಗಾ ತನಕ ನಡೆದು, ಅಲ್ಲಿಂದ ಆಳಂದಕ್ಕೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ ಓದಿದವಳು. ಆ ಹೆಮ್ಮೆಯನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ, ಯಾಕೆ ಬಿಡಬೇಕು? ಆದರೆ ಅವತ್ತು ಆ ಹೆಮ್ಮೆಯೇ ನನ್ನ ಬಾಯಿ ಕಟ್ಟಿತು. ಉಳುಮೆ ಅಂದರೆ ಏನು ಎಂದು ಒಕ್ಕಲುತನದ ಮನೆಯ ಮಗಳು ಕೇಳುವುದೇ? ನಕ್ಕಾರು ಅನ್ನಿಸಿತು.

ನಮ್ಮೂರಲ್ಲಿ ಸಭೆ ಸೇರಿದ್ದು ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ. ಮೊದಲು ಬಂದು ಕೂತವಳು ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೆ ಎರಡೆತ್ತು ಇಟ್ಟುಕೊಂಡು ಕರಿಮಣ್ಣಿನ ನಾಲ್ಕು ಎಕರೆ ಎರೆ ಹೊಲವನ್ನು ತಾನೇ ಮಾಡುತ್ತಿದ್ದಾಳೆ. ನಾನು ಕರಾರು ಬಿಚ್ಚಿ, 'ಇನ್ನ ಮ್ಯಾಲೆ ಉಳುಮಿ ಮಾಡಂಗಿಲ್ರಿ' ಎಂದೆ.

'ಅಯ್ಯ, ನಮ್ಮ ಹೊಲದಾಗ ನೇಗಿಲ ಇಳದು ಎಷ್ಟ್ ವರ್ಷ ಆತೋ! ಮಾಡದ್ದನ್ನ ಬಿಡ್ರಿ ಅಂತ ಹೇಳಾಕ ಇಷ್ಟ ದೂರ ಬಂದೀ ಏನ?' ಎಂದು ದೊಡ್ಡವ್ವ ನಕ್ಕಳು.

ಪಕ್ಕದ ಮನೆಯ ಕಾಕಾ ಹಾಳೆಗಳನ್ನು ತಿರುವಿ ನೋಡಿದ. 'ಹಿಂದ ಇಂಗ್ಲಿಷ್‌ನ್ಯಾಗ ಬ್ಯಾರೆ ಏನೋ ಬರದಾರಲ್ಲ. ಅದೇನ್ ಬೇ?'

'ಅದು ಸುಮ್ಮನ ಕಾನೂನಿನ ಮಾತು ರಿ ಕಾಕಾ. ಎಲ್ಲಾ ಕಾಗದದಾಗೂ ಇರ್ತಾವ.'

ಇದು ನಾನಾಡಿದ ಮಾತು. ಓದದೆ ಆಡಿದ ಮಾತು. ನಮ್ಮ ಹುಡುಗಿ ಓದಿದಾಕಿ, ಸುಳ್ಳ ಹೇಳಂಗಿಲ್ಲ ಎನ್ನುತ್ತ ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಿದರು, ಸಹಿ ಮಾಡಿದರು.

ಹಿಂಗಾರಿ ಬಿಳಿಜೋಳ ಬಿತ್ತಿದ್ದಾಯಿತು. ಬೆಳೆ ಮೊಣಕಾಲು ದಾಟಿತು. ಎರೆ ಮಣ್ಣಿನ ಗುಣ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಳೆ ಹಿಂದೆ ಸರಿದ ಮೇಲೆ ಒಣಗುತ್ತ ಒಣಗುತ್ತ ಸೀಳುತ್ತದೆ. ಬಿರುಕಿನಲ್ಲಿ ಕೈ ಹೋಗುತ್ತದೆ, ಆಮೇಲೆ ಮೊಣಕೈ. ಒಳಗಿನ ತೇವವೆಲ್ಲ ಆ ಬಾಯಿಗಳಿಂದಲೇ ಆರಿಹೋಗುತ್ತದೆ, ಜೋಳದ ಬೇರು ಹರಿಯುತ್ತದೆ. ಅದಕ್ಕೇ ಸಾಲುಗಳ ನಡುವೆ ಸಣ್ಣ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುತ್ತೇವೆ. ಎಡೆ ಹೊಡೆದರೆ ಜೋಳ, ಇಲ್ಲದಿದ್ದರೆ ಬರೀ ಒಣ ದಂಟಿನ ಕಣಿಕೆ.

ಈ ಸಲವೂ ಹೊಲ ಬಿರುಕು ಬಿಡತೊಡಗಿತು. ಆ ವಾರ ನಾನು ಬೆಳೆಯ ಫೋಟೊ ತೆಗೆದು ಸಂಸ್ಥೆಯ ಆಪಿಗೆ ಹಾಕಬೇಕಿತ್ತು. ಬೆಳೆಗೆ ಬಾಯಿ ಹಾಕದಂತೆ ದೊಡ್ಡವ್ವ ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದಳು, ಪಕ್ಕದಲ್ಲಿ ಎಡೆಕುಂಟೆ ಬಿದ್ದಿತ್ತು. ಆ ಫೋಟೊ ಕಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಸಾಹೇಬರ ಫೋನು ಬಂತು.

'ಏನ್ರೀ ಅದು? ಎಡೆಕುಂಟೆ, ಬ್ಲೇಡ್ ಹೋ ಅಲ್ವಾ? ಕೊನೇ ಪೇಜ್ ಓದಿಲ್ವಾ ನೀವು?'

ಬದುವಿನ ಮೇಲೆ ಕೂತು ಅವತ್ತು ಓದಿದೆ. ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ, ಹೊಲಕ್ಕೆ ಇಳಿಸಬಾರದ ಸಾಮಾನುಗಳ ಪಟ್ಟಿ. ನೇಗಿಲು, ರೋಟಾವೇಟರ್, ಕುಂಟೆ. ಅದರ ಕೆಳಗೆ ಎಡೆಕುಂಟೆ. ಬೆಳೆ ನಿಂತಿರುವಾಗಲೂ ಮಣ್ಣು ಕೆದಕಬಾರದು. ಕೆದಕಿದರೆ ಆ ಹೊಲ ಯೋಜನೆಯಿಂದ ಹೊರಗೆ. ಪಟ್ಟಿ ಮಾಡಿದವನು ಎರೆ ಮಣ್ಣು ಬಾಯಿ ಬಿಡುವುದನ್ನು ಒಮ್ಮೆಯಾದರೂ ನೋಡಿದ್ದನೇ? ಅಫಜಲಪುರದ ಹೊಳೆದಂಡೆಯ ಕಬ್ಬು, ಜೇವರ್ಗಿಯ ಕಾಲುವೆ ನೀರಿನ ಗದ್ದೆ, ನಮ್ಮ ಮಳೆಯಾಶ್ರಿತ ಜೋಳ, ಎಲ್ಲಕ್ಕೂ ಒಂದೇ ಹಾಳೆ!

'ಏನ ಅಂತಾನ ನಿಮ್ಮ ಸಾಹೇಬ?' ಎಂದಳು ದೊಡ್ಡವ್ವ.

ಹೇಳಿದೆ. ನನ್ನ ತಪ್ಪನ್ನೂ ಸೇರಿಸಿ ಹೇಳಿದೆ. ಅವಳು ಬೈಯಲಿಲ್ಲ. ಜೋಳದ ಒಂದು ಎಲೆ ಹಿಡಿದು ತೋರಿಸಿದಳು. ಇನ್ನೂ ಹೊತ್ತು ಏರಿರಲಿಲ್ಲ, ಎಲೆ ಆಗಲೇ ಸುರುಳಿ ಸುತ್ತಿತ್ತು.

'ಇನ್ನ ನಾಕ್ ದಿನ ಬಿಟ್ರ ತೆನಿ ಹೊರಗ ಬರಂಗಿಲ್ಲ. ಎಡಿ ಹೊಡೀಲೋ ಬ್ಯಾಡೋ, ನೀನ ಹೇಳು. ಸಹಿ ನಿನ್ನ ಮಾತ ಕೇಳಿ ಮಾಡೀನಿ.'

ನನ್ನ ಕೆಲಸ ಕಣ್ಣ ಮುಂದೆ ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಬಗ್ಗಿ ಎಡೆಕುಂಟೆ ಎತ್ತಿದೆ. 'ಹೊಡಿ ದೊಡ್ಡವ್ವ' ಎಂದೆ. ಮೊದಲ ಸಾಲಿಗೆ ಎತ್ತಿನ ಹಗ್ಗ ನಾನೇ ಹಿಡಿದೆ.

ಎರಡು ದಿನ ಬಿಟ್ಟು ಸಾಹೇಬರು ಜೀಪಿನಲ್ಲಿ ಬಂದರು. ಬಿಳಿ ಬೂಟು ಹಾಕಿಕೊಂಡು ಬದುವಿನ ಮೇಲೆಯೇ ನಿಂತರು.

'ಅಜ್ಜಿ, ನೀವು ಸಹಿ ಮಾಡಿದ್ದೀರಲ್ಲ?'

'ಮಾಡೀನ್ರಿ ಸಾಹೇಬ್ರ. ನಿಂತ ಬೆಳಿ ಕೊಲ್ತೀನಿ ಅಂತ ಮಾಡಿಲ್ರಿ. ಇಳೀರಿ ಜರಾ ಹೊಲದಾಗ, ಇನ್ನೂ ಎಡಿ ಹೊಡೀದ ಆಚೆ ಮಗ್ಗಲದ ಬಿರುಕಿನ್ಯಾಗ ಕಾಲ ಇಟ್ಟು ನೋಡ್ರಿ. ಬೂಟ್ ಒಳಗ ಹೋದ್ರ ನಾ ತಗದ ಕೊಡ್ತೀನಿ.'

ಸಾಹೇಬರು ಇಳಿಯಲಿಲ್ಲ. ಫೋನು ತೆಗೆದು ನನ್ನ ಕೈಗೆ ಕೊಟ್ಟು, 'ವೈಲೇಶನ್ ಅಂತ ಹಾಕಿ. ಕಾರಣ ಸೆಲೆಕ್ಟ್ ಮಾಡಿ' ಎಂದರು. ಕಾರಣಕ್ಕೆ ನಾಲ್ಕೇ ಸಾಲುಗಳಿದ್ದವು. ಬೆಳೆ ಉಳಿಸಿಕೊಳ್ಳಲು ಎಂಬ ಸಾಲು ಇರಲಿಲ್ಲ. ಅವರು ಬೆರಳು ಚಾಚಿ ಎರಡನೆಯದನ್ನು ತೋರಿಸಿದರು: ರೈತರಲ್ಲಿ ಅರಿವಿನ ಕೊರತೆ.

ನನ್ನ ಮೈ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬಿ ಹಾಕಿ, ಬದುವಿನಲ್ಲಿ ಹುಲ್ಲು ಬಿಟ್ಟು, ಬೀಜ ತಾನೇ ಕಟ್ಟಿಟ್ಟುಕೊಳ್ಳುವ ಹೆಂಗಸು ಇವಳು. ಅವಳ ಕೆಲಸಕ್ಕೆ ಉದ್ದುದ್ದ ಹೆಸರಿಟ್ಟು ನಮಗೇ ಪಾಠ ಹೇಳಿದರು. ಹೇಳಲಿ, ಹೊಸ ಪದ ಕಲಿಯಲು ನನಗೇನೂ ನಾಚಿಕೆಯಿಲ್ಲ. ಆದರೆ ಪದ ತಂದವರು ಅದರೊಳಗೆ ಏನೇನು ಮಡಚಿಟ್ಟಿದ್ದಾರೆ ಎಂದು ನಮ್ಮ ಭಾಷೆಯಲ್ಲಿ ಬಿಚ್ಚಿ ತೋರಿಸದೆ, ಕೊನೆಗೆ ಇವಳಿಗೇ ಅರಿವಿಲ್ಲ ಎಂದು ಬರೆಸುವುದೇ?

'ಇದು ಸುಳ್ಳು ಸರ್. ಅರಿವಿನ ಕೊರತೆ ನನ್ನದು. ಆ ಹಾಳೆ ಓದಿ ಹೇಳೋ ಕೆಲಸ ನಂದಿತ್ತು, ಕನ್ನಡದಾಗ ಕೊಡೋ ಕೆಲಸ ನಿಮ್ಮದಿತ್ತು. ಇದನ್ನ ನಾನು ಒತ್ತಂಗಿಲ್ಲ.'

'ಎಮೋಷನಲ್ ಆಗ್ಬೇಡಿ' ಎಂದರು. ಫೋನು ವಾಪಸು ಇಸಕೊಂಡು ತಾವೇ ಒತ್ತಿದರು. ದೊಡ್ಡವ್ವನ ಹೊಲ ಪಟ್ಟಿಯಿಂದ ಹೋಯಿತು. ಜೀಪು ಹಿರೋಳ್ಳಿ ದಾರಿ ಹಿಡಿಯಿತು.

ಇನ್ನೂ ಹದಿನೆಂಟು ಮನೆಗಳು ನನ್ನ ಮಾತು ನಂಬಿ ಸಹಿ ಮಾಡಿದ್ದವು. ಅವರ ಜೋಳವೂ ಬಾಯಾರಿ ನಿಂತಿತ್ತು. ಆ ಸಂಜೆಯೇ ಶುರು ಮಾಡಿದೆ. ಪ್ರತಿ ಮನೆಯ ಅಂಗಳದಲ್ಲೂ ಕೂತು ಕೊನೆಯ ಪುಟವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಎಡೆ ಹೊಡೆದರೆ ಯೋಜನೆಯಿಂದ ಹೊರಗೆ, ಹೊಡೆಯದಿದ್ದರೆ ಬೆಳೆ ಏನಾಗುತ್ತದೆಂದು ನಿಮಗೇ ಗೊತ್ತು ಎಂದೆ. ಕೆಲವರು ನನಗೆ ಸರಿಯಾಗಿ ಬೈದರು. ಬೈಸಿಕೊಂಡೆ. ಒಬ್ಬಾಕೆ ಹಾಳೆಯನ್ನು ಕಸಿದುಕೊಂಡು ಒಲೆಯ ಹತ್ತಿರ ಎಸೆದಳು.

ಕಾಕಾನ ಮನೆ ಕೊನೆಯದು. ಅವನು ಕೊನೆಯ ಸಾಲಿನ ತನಕ ಕೇಳಿದ. ಆಮೇಲೆ ಎದ್ದು ಗೋಡೆಗೆ ಒರಗಿಸಿದ್ದ ಎಡೆಕುಂಟೆಯನ್ನು ಎಳೆದುಕೊಂಡು, ಅದರ ಕಬ್ಬಿಣದ ಕುಡ ಗಟ್ಟಿಯಿದೆಯೇ ಎಂದು ಬಡಿದು ನೋಡಿದ.

'ಅವತ್ತ ನಾ ಕೇಳಿದ್ನಲ್ಲ ಬೇ, ಹಿಂದ ಏನ ಅದ ಅಂತ?'

'ಕೇಳಿದ್ರಿ ಕಾಕಾ.'

'ಹಾಂ' ಎಂದ. 'ನಾಳೆ ಮುಂಜಾನಿ ಬಾ. ಹಗ್ಗ ಹಿಡಿಯಾಕ ಮಂದಿ ಬೇಕು.'