ಬಿಸಿನೀರಿಗೆ ಕಟ್ಟಿದ ನಿಂಬೆಹಣ್ಣು

ಬಾಶೆಟ್ಟಿಹಳ್ಳಿಯ ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಮಾತ್ರೆಯಲ್ಲಿ ಏನೇನಿದೆ ಎಂದು ಯಂತ್ರದಲ್ಲಿ ಬೇರ್ಪಡಿಸಿ ನೋಡಬೇಕು. ಅದಕ್ಕೆ ಹರಿಸುತ್ತಿದ್ದ ದ್ರಾವಕದ ನಾತಕ್ಕೆ ಸಂಜೆಯಾಗುವಷ್ಟರಲ್ಲಿ ತಲೆ ಸಿಡಿದುಹೋಗುತ್ತಿತ್ತು. ಮನೆಗೆ ಹೋದರೆ ಒಗ್ಗರಣೆಯೂ ಅದೇ ನಾತ ಹೊಡೆಯುತ್ತಿತ್ತು.

ಒತ್ತಡ ಹಾಕಿ, ಕುದಿಯಲು ಬಿಡದೆ ಚೆನ್ನಾಗಿ ಕಾಯಿಸಿದರೆ ಬರೀ ನೀರೇ ಆ ದ್ರಾವಕದ ಕೆಲಸ ಮಾಡುತ್ತದೆ ಎಂದು ಓದಿದ್ದೆ. ಲ್ಯಾಬಿನ ಮುಖ್ಯಸ್ಥರಾದ ಸಾಹೇಬರಿಗೆ ಹೇಳಿದೆ.

"ಏನಮ್ಮಾ, ಲ್ಯಾಬಲ್ಲಿ ಬಚ್ಚಲ ಹಂಡೆ ಇಡ್ತೀಯಾ? ಸೀಗೇಪುಡೀನೂ ತಂದ್ಬಿಡು!" ಎಂದು ನಕ್ಕರು. ಪೀಡಿಸಿದ ಮೇಲೆ ಒಪ್ಪಿದರು. "ಹಬ್ಬ ಮುಗಿಸ್ಕೊಂಡು ಬಂದು ಒಂದೇ ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರ್ದು."

ಯಂತ್ರದ ಹಿಂದೆ, ನೀರು ಹೊರಬೀಳುವ ತುದಿಗೆ ಕೂದಲೆಳೆಯಂಥ ನಳಿಕೆ ಸಿಕ್ಕಿಸಿಟ್ಟೆ. ಕುಕ್ಕರಿಗೆ ವೆಯ್ಟ್ ಇದ್ದ ಹಾಗೆ, ಒತ್ತಡ ಹಿಡಿದಿಡುವುದು ಅದೇ. ಆಯುಧಪೂಜೆಗೆ ನಾನು ಊರಿಗೆ ಹೋದೆ. ಲ್ಯಾಬಿನ ಪೂಜೆ ಯಾವತ್ತೂ ಸಾಹೇಬರದೇ.

ವಾಪಸು ಬಂದಾಗ ಯಂತ್ರಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ, ಹಿಂದೊಂದು ನಿಂಬೆಹಣ್ಣು. ಎಲ್ಲರೂ ಸುತ್ತ ನಿಂತಿದ್ದರು. ಶುರು ಮಾಡಿದೆ. ನೆಟ್ಟಗಿರಬೇಕಾದ ಪರದೆಯ ಗೆರೆ ದೆವ್ವ ಮೆಟ್ಟಿದ ಹಾಗೆ ಕುಣಿಯಿತು. ಅಯ್ಯೋ, ನೀರು ಒಳಗೇ ಕುದಿಯುತ್ತಿತ್ತು!

"ಆಯ್ತಲ್ಲಮ್ಮಾ ಸ್ನಾನ?" ಎಂದರು ಸಾಹೇಬರು. ಅಳು ಬಂತು. ಯಂತ್ರ ನಿಲ್ಲಿಸಿ ಹಿಂದೆ ಬಗ್ಗಿ ನೋಡಿದರೆ ನಳಿಕೆಯೇ ಇಲ್ಲ! ಅದು ಊದುಬತ್ತಿಯ ಬೂದಿಯ ಪಕ್ಕ ಬಿದ್ದಿತ್ತು.

ಜೊತೆಗೆ ಕೆಲಸ ಮಾಡುವ ಗೆಳತಿ ಕಿವಿಯಲ್ಲಿ ಉಸುರಿದಳು: "ಸಾಹೇಬ್ರೇ ಬಿಚ್ಚಿದ್ದು ಕಣೇ. ನಿಂಬೆಹಣ್ಣು ಕಟ್ಟೋಕೆ ಅಡ್ಡ ಬರ್ತಿತ್ತಂತೆ."

ಮೈಯೆಲ್ಲ ಉರಿಯಿತು. ಆದರೆ ಎಲ್ಲರೆದುರು ಅವರ ಮಾನ ಕಳೆದರೆ ನನ್ನ ನೀರಿಗೆ ಅಲ್ಲೇ ಎಳ್ಳುನೀರು. ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆ: "ಸರ್, ಹಬ್ಬದಲ್ಲಿ ಮಿಷಿನ್ನಿಗೆ ದೃಷ್ಟಿ ಆಗಿದೆ. ನಿಮ್ಮ ಕೈಯಿಂದ್ಲೇ ಒಂದು ಬೂದುಗುಂಬಳ ಒಡೆದುಬಿಡಿ. ಆಮೇಲೆ ಮಾಡಿದ್ದೇ ಲೆಕ್ಕಕ್ಕೆ."

ಸಾಹೇಬರು ಉಬ್ಬಿಹೋದರು. ಬೈಕ್ ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ ಕಾಯಿ ತಂದು ಗೇಟಿನಲ್ಲಿ ಒಡೆದರು. ಅಷ್ಟರಲ್ಲಿ ನಾನು ಯಂತ್ರ ತಣಿಸಿ, ನಳಿಕೆ ಸಿಕ್ಕಿಸಿ, ಮತ್ತೆ ಕಾಯಿಸಿದ್ದೆ. ಅವರ ಕಣ್ಣೆದುರೇ ಗೆರೆ ನೆಟ್ಟಗೆ ಹರಿದು, ಮಾತ್ರೆಯ ಒಂದೊಂದು ಅಂಶವೂ ಬೇರೆ ಬೇರೆ ಗೋಪುರವಾಗಿ ಎದ್ದಿತು.

"ನೋಡ್ದ್ಯಾ ಕುಂಬಳಕಾಯಿ ಮಹಿಮೆ! ನಾಳೆಯಿಂದ ನೀರೇ ಹಾಕಮ್ಮ. ಆದ್ರೆ ಅಮಾವಾಸ್ಯೆ ಅಮಾವಾಸ್ಯೆಗೂ ನಿಂಬೆಹಣ್ಣು ನಾನೇ ಕಟ್ತೀನಿ."

ಈಗ ತಲೆನೋವಿಲ್ಲ, ಒಗ್ಗರಣೆ ಒಗ್ಗರಣೆಯದೇ ಘಮ. ಅಮಾವಾಸ್ಯೆಯ ಮಾರನೆಯ ದಿನ ಮಾತ್ರ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗುತ್ತೇನೆ. ನಳಿಕೆ ಹುಡುಕಬೇಕಲ್ಲ.