ಪಟ್ಟೆ ಹೂವಿಗೆ ಬಹುಮಾನ ಕೊಟ್ಟವರು

ಗುರುವಪ್ಪನನ್ನು ಆರ್ಕಿಡ್ ಬೆಳೆಗಾರರ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದವರಿಗೆ ಅವನ ಬಾಯಿ ಎಂಥದ್ದೆಂದು ಗೊತ್ತಿರಲಿಲ್ಲ ಎಂದಲ್ಲ. ಗಲ್ಫ್‌ನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದು, ಊರಿಗೆ ಬಂದು ತೊಕ್ಕೊಟ್ಟಿನಲ್ಲಿ ಅದೇ ಕೆಲಸದ ಅಂಗಡಿ ಹಾಕಿದವನು. ಕೈಯೂ ಬಿರುಸು, ಬಾಯಿಯೂ ಬಿರುಸು. ಸಂಘ ನಿದ್ದೆ ಹೋಗಿತ್ತು. ಎಬ್ಬಿಸಲು ಅಂಥವನೇ ಬೇಕಾಗಿತ್ತು. ಬಂದವನೇ ತಡವಾಗಿ ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿದ. ನರ್ಸರಿಯಿಂದ ಹೂ ಬಿಟ್ಟ ಗಿಡ ತಂದು, ನಾನೇ ಬೆಳೆಸಿದ್ದು ಎಂದು ಪ್ರದರ್ಶನಕ್ಕೆ ಇಟ್ಟವರ ಕುಂಡಗಳನ್ನು ಎತ್ತಿ ಹೊರಗಿಟ್ಟ. ತಿಂಗಳಿಗೊಬ್ಬ ಸದಸ್ಯರ ಮನೆಗೆ ಎಲ್ಲರೂ ಹೋಗಿ ಗಿಡ ನೋಡುವ ಕ್ರಮ ತಂದ. ಬೈದುಕೊಂಡಾದರೂ ಜನ ಬಂದರು.

ಒಂದು ಪದ್ಧತಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಸಂಘ ಕಟ್ಟಿದ ಉರ್ವದ ಸುಂದರಿಯಕ್ಕನ ಮನೆಯಲ್ಲಿ ಕ್ಯಾಟ್ಲಿಯ ಎಂಬ ಜಾತಿಯ ಒಂದು ಹಳೆಯ ಆರ್ಕಿಡ್ ಗಿಡವಿತ್ತು. ತೀರಿಹೋದ ಅವರ ಗಂಡ ಎಲ್ಲಿಂದಲೋ ಹೊತ್ತು ತಂದದ್ದು. ಹೊಸದಾಗಿ ಸೇರಿದವರಿಗೆ ಸಭೆಯಲ್ಲೇ ಅದರ ಒಂದು ತುಂಡು ಕತ್ತರಿಸಿ ಕೊಡಬೇಕು, ಕೊಟ್ಟರೆ ಸದಸ್ಯರಾದಂತೆ. ಕತ್ತರಿ ಸಂಘದ್ದು. ಅದೇ ಕತ್ತರಿಯಲ್ಲಿ, ಅದೇ ಮೇಜಿನ ಮೇಲೆ ಉಳಿದವರೂ ತಮ್ಮ ಗಿಡಗಳನ್ನು ತುಂಡು ಮಾಡಿ ಹಂಚಿಕೊಳ್ಳುತ್ತಿದ್ದರು. ಕೆಲವು ವರ್ಷಗಳಿಂದ ಆ ಕ್ಯಾಟ್ಲಿಯದ ನೇರಳೆ ಹೂವಿನಲ್ಲಿ ಬಿಳಿ ಪಟ್ಟೆಗಳು ಮೂಡುತ್ತಿದ್ದವು. ಎಂಥ ಚೆಂದ ಎಂದು ಎಲ್ಲರೂ ನೋಡಿದ್ದೇ ನೋಡಿದ್ದು. ಕಳೆದ ಪ್ರದರ್ಶನದಲ್ಲಿ ಮೊದಲ ಬಹುಮಾನವೂ ಅದಕ್ಕೇ. ಕೊಟ್ಟ ಕೈ ಗುರುವಪ್ಪನದೇ.

ಪಟ್ಟೆ ಚೆಂದವಲ್ಲ, ರೋಗ ಎಂದವಳು ಕಾರ್ಯದರ್ಶಿ ಮೆಲಿಸಾ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅವಳು ಅನುಮಾನ ಬಂದು ಕೆಲವರ ಮನೆಯ ಎಲೆಗಳನ್ನು ಪರೀಕ್ಷೆಗೆ ಕಳುಹಿಸಿದ್ದಳು. ವೈರಸ್. ಮದ್ದಿಲ್ಲ. ಕತ್ತರಿಗೆ ಅಂಟಿದ ರಸದಲ್ಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ರೋಗ ಬಂದದ್ದನ್ನು ಸುಡಬೇಕು, ಇನ್ನು ಮುಂದೆ ಗಿಡಕ್ಕೊಂದು ಹೊಸ ಬ್ಲೇಡ್ ಹಿಡಿಯಬೇಕು. ಗುರುವಪ್ಪನ ಗಿಡಗಳಲ್ಲಿ ಮುಕ್ಕಾಲು ಪಾಲಿಗೆ ತಗಲಿತ್ತು. ಯಾರಿಗೂ ಹೇಳದೆ ಟೆರೇಸಿನಲ್ಲಿ ಸುಟ್ಟ. ಆ ಹೊಗೆ ಮೂಗಿನಲ್ಲಿರುವಾಗಲೇ ಹಂಪನಕಟ್ಟೆಯ ಹಾಲ್‌ನಲ್ಲಿ ಸಭೆ ಕರೆದ.

ಕೆಟ್ಟದ್ದು ಅಲ್ಲಿ. ಎಲ್ಲರ ಗಿಡಗಳೂ ಪರೀಕ್ಷೆಯಾಗಬೇಕು, ಮೊದಲು ಹಳೆಯ ಕ್ಯಾಟ್ಲಿಯ ಹೋಗಬೇಕು ಎಂದ. ಸುಂದರಿಯಕ್ಕ ಆಗುವುದಿಲ್ಲ ಎಂದರು. ಅವನ ತಲೆ ಬಿಸಿಯಾಯಿತು.

"ನಿಮ್ಮ ಯಜಮಾನ್ರು ತಂದ ಗಿಡದಿಂದಲೇ ಅಕ್ಕ, ಊರಿಡೀ ರೋಗ ಹಬ್ಬಿದ್ದು."

ಕೈಯಲ್ಲಿ ಮೈಕ್ ಇತ್ತು. ಸುಂದರಿಯಕ್ಕ ಎದ್ದು ಹೋದರು. ಹಿಂದೆಯೇ ಅರ್ಧ ಸಭೆ ಎದ್ದಿತು. ಮರುದಿನವೇ ಸುದ್ದಿ ಬಂತು. ಹೋದವರೆಲ್ಲ ಬೇರೆ ಸಂಘ ಕಟ್ಟುತ್ತಾರಂತೆ, ಬರುವ ಭಾನುವಾರ ಸುಂದರಿಯಕ್ಕನ ಅಂಗಳದಲ್ಲೇ ಗಿಡ ಹಂಚುತ್ತಾರಂತೆ. ಮತ್ತೆ ಅದೇ ಕ್ಯಾಟ್ಲಿಯ, ಮತ್ತೆ ಎಲ್ಲರಿಗೂ ಒಂದೇ ಕತ್ತರಿ. ಅದು ನಡೆದರೆ ಊರಲ್ಲಿ ಉಳಿದಿರುವ ಒಳ್ಳೆಯ ಗಿಡಗಳೂ ಮುಗಿದ ಹಾಗೆ, ಸಂಘವೂ ಮುಗಿದ ಹಾಗೆ.

ಶನಿವಾರ ಸ್ಕೂಟರ್ ಹತ್ತಿ ಉರ್ವಕ್ಕೆ ಹೋದ. ಬಾಯಿಗೆ ಪ್ಲಾಸ್ಟರ್ ಹಾಕಿಕೊಂಡು ಹೋಗಿ ಎಂದು ಮೆಲಿಸಾ ಫೋನಿನಲ್ಲಿ ಹೇಳಿದ್ದಳು. ಸುಂದರಿಯಕ್ಕ ಕುಳಿತುಕೋ ಎನ್ನಲಿಲ್ಲ. ಜಗಲಿಯ ಮೆಟ್ಟಿಲಲ್ಲೇ ನಿಲ್ಲಿಸಿ ಶುರು ಮಾಡಿದರು. ಕಂಡವರ ಮನೆಗೆ ಇನ್‌ಸ್ಪೆಕ್ಟರನ ಹಾಗೆ ನುಗ್ಗುವವನು, ಸತ್ತವರನ್ನೂ ಬಿಡದವನು, ಊರವರ ಮನೆ ತಂಪು ಮಾಡುವವನಿಗೆ ಸ್ವಂತ ತಲೆ ತಂಪಾಗಿಡಲು ಬರುವುದಿಲ್ಲವೇ ಎಂದರು. ಒಂದೊಂದಕ್ಕೂ ಉತ್ತರ ಅವನ ನಾಲಿಗೆಯ ತುದಿಗೆ ಬಂತು. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಮಾತು ನುಂಗಿದ. ಬೆರಳು ನೀಲಿಗಟ್ಟಿತು.

ಕೊನೆಗೆ ಅವರು ಉಸಿರು ತೆಗೆದುಕೊಂಡರು. "ಅವರ ಗಿಡದಿಂದಲೇ ಬಂದದ್ದು ಅಂತ ನಿನಗೆ ಯಾರು ಹೇಳಿದ್ದು? ಪರೀಕ್ಷೆಯವರು ಹೇಳಿದ್ರಾ?"

ಹೇಳಿರಲಿಲ್ಲ. ಕತ್ತರಿ ಎಲ್ಲರ ಗಿಡಕ್ಕೂ ತಾಗಿತ್ತು. ಮೊದಲು ಯಾರದರಿಂದ ಯಾರದಕ್ಕೆ ಹೋಯಿತೆಂದು ಈಗ ತಿಳಿಯುವ ಹಾಗಿರಲಿಲ್ಲ. ಗುರುವಪ್ಪ ಅದನ್ನು ಹಾಗೆಯೇ ಒಪ್ಪಿದ. ತಾನು ಹೊರಗಿನಿಂದ ತಂದು ಆ ಮೇಜಿನ ಮೇಲೆ ಕತ್ತರಿಸಿದ ಗಿಡದ್ದೇ ರೋಗ ಇರಲಿಕ್ಕೂ ಸಾಕು ಎಂದ.

"ಮತ್ತೆ ಅವರ ಸುದ್ದಿ ಯಾಕೆ ಎತ್ತಿದ್ದು?"

"ಕೋಪ ಬಂತು ಅಕ್ಕ. ಬಾಯಿಗೆ ಬಂದದ್ದು ಹೇಳಿದೆ."

"ಹೇಳಿದ್ದು ಮೈಕಿನಲ್ಲಿ. ಈಗ ನನ್ನ ಮೆಟ್ಟಿಲಲ್ಲಿ ನಿಂತು ಪಿಸಿಪಿಸಿ ಮಾಡಿದ್ರೆ ಎಂತ ಪ್ರಯೋಜನ ಉಂಟು ಮಾರಾಯ?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಅಂಗಳದ ತುಂಬ ಜನ. ಮೇಜಿನ ಮೇಲೆ ಕ್ಯಾಟ್ಲಿಯ, ಪಕ್ಕದಲ್ಲಿ ಕತ್ತರಿ, ಸುತ್ತ ಹಂಚಲು ತಂದ ಗಿಡಗಳು. ಕರೆಯದೆ ಬಂದ ಗುರುವಪ್ಪನನ್ನು ಮೊದಲು ಕಂಡವನು ಬೇಕರಿಯ ಅಲೆಕ್ಸ್; ಪ್ರದರ್ಶನದಲ್ಲಿ ಕುಂಡ ಎತ್ತಿಸಿಕೊಂಡವರಲ್ಲಿ ಅವನೂ ಒಬ್ಬ.

"ಎಂತ ಅಧ್ಯಕ್ಷರೇ, ಇವತ್ತು ಯಾರ ಚಟ್ಟಿ ಹೊರಗೆ ಇಡ್ಲಿಕ್ಕೆ ಬಂದದ್ದು?"

ಎಲ್ಲರೂ ನಕ್ಕರು. ಗುರುವಪ್ಪನ ಕಿವಿ ಕಾದವು. ಅವನು ಅಲೆಕ್ಸನ ಕಡೆ ತಿರುಗಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ, ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದ.

"ಅಕ್ಕನ ಯಜಮಾನ್ರ ಮೇಲೆ ನಾನು ಹೇಳಿದ್ದಕ್ಕೆ ಆಧಾರ ಇಲ್ಲ. ಗೊತ್ತಿಲ್ಲದೆ ಹೇಳಿದ್ದು. ತಪ್ಪು ನನ್ನದು. ಆದ್ರೆ ರೋಗ ಇರುವುದು ಹೌದು. ನನ್ನ ಗಿಡಗಳನ್ನು ನಾನು ಸುಟ್ಟಾಯ್ತು. ಇವತ್ತು ಯಾರೂ ಕತ್ತರಿ ಹಾಕಬೇಡಿ."

ಅಲೆಕ್ಸ್ ಈ ಬಾರಿ ನಗಲಿಲ್ಲ. ಹೊತ್ತಾಯಿತು, ನೀವು ಶುರು ಮಾಡಿ ಎಂದು ಸುಂದರಿಯಕ್ಕನಿಗೆ ಹೇಳಿದ. ಅವರು ಕತ್ತರಿ ಎತ್ತಿಕೊಂಡರು. ತಡೆಯಲು ಗುರುವಪ್ಪನ ಕೈ ಮುಂದೆ ಹೋಯಿತು. ಅಲ್ಲೇ ಮುಷ್ಟಿ ಮಾಡಿ ಹಿಂದಕ್ಕೆ ಎಳೆದುಕೊಂಡ. ಇನ್ನೊಂದು ಮಾತು ಆಡಿದರೆ ಎಲ್ಲ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಸುಂದರಿಯಕ್ಕ ಗಿಡವನ್ನು ನೋಡಿದರು, ಕುಳಿತವರನ್ನು ನೋಡಿದರು. ಕತ್ತರಿಯನ್ನು ಅಂಗಳದ ಮೂಲೆಯ ಕಸದ ಬಕೆಟ್ಟಿಗೆ ಹಾಕಿದರು.

"ಮೆಲಿಸಾಗೆ ಬರ್ಲಿಕ್ಕೆ ಹೇಳು ಗುರುವಪ್ಪ. ಇಲ್ಲಿರುವ ಎಲ್ಲರ ಎಲೆಯನ್ನೂ ಪರೀಕ್ಷೆಗೆ ತಗೊಂಡು ಹೋಗ್ಲಿ. ಯಾರಿಗೆ ಆಗುವುದಿಲ್ವೋ ಅವರು ಚಾ ಕುಡಿದು ಹೋಗಬಹುದು."

ಅಲೆಕ್ಸ್ ಮತ್ತು ಅವನ ಜೊತೆ ನಾಲ್ಕೈದು ಜನ ಚಾ ಕುಡಿಯದೆಯೇ ಹೋದರು. ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ. ಉಳಿದವರು ತಂದ ಗಿಡಗಳನ್ನು ತಂದ ಹಾಗೆಯೇ ಮನೆಗೆ ಒಯ್ದರು. ಗುರುವಪ್ಪ ಹಿತ್ತಲಿನಲ್ಲಿ ತೆಂಗಿನ ಒಣ ಮಡಲು ರಾಶಿ ಹಾಕಿ, ಸುಂದರಿಯಕ್ಕ ತಂದುಕೊಟ್ಟ ಕ್ಯಾಟ್ಲಿಯವನ್ನು ಅದರ ಮೇಲಿಟ್ಟು, ಅವರ ಕೈಯಲ್ಲಿದ್ದ ಬೆಂಕಿಪೊಟ್ಟಣಕ್ಕೆ ಕೈ ಚಾಚಿದ. ಸುಂದರಿಯಕ್ಕ ಕೊಡಲಿಲ್ಲ. ಬಗ್ಗಿ ತಾವೇ ಕಡ್ಡಿ ಗೀರಿದರು.